ನಕ್ಷೆಯ ಮೇಲಿನ ಗೆರೆ ಯಾರದು?

ಭತ್ತದ ಕುಯ್ಲು ಮುಗಿದು ಗದ್ದೆ ಖಾಲಿಯಾಯಿತೆಂದರೆ ನಮ್ಮ ಹಾರಾಟದ ಕಾಲ. ಆಗ ಶಿರಾಳಕೊಪ್ಪದ ಆಚೀಚೆ, ಆನವಟ್ಟಿ, ಜಡೆ, ಉಳವಿ ಕಡೆ ಯಾರದೋ ಗದ್ದೆಯಲ್ಲಿ ಸುಣ್ಣದ ಗೆರೆ ಎಳೆದು, ಡ್ರೋನ್ ಕಲಿತು ಬಂದವರಿಗೆ ರೂಢಿ ಮಾಡಿಸುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ 18 ವರ್ಷ ತುಂಬಿ ಹತ್ತನೇ ತರಗತಿ ಪಾಸಾದವರು ಡಿಜಿಸಿಎ ಒಪ್ಪಿಗೆ ಇರುವ ಸಂಸ್ಥೆಯಲ್ಲಿ ತರಬೇತಿ ಪಡೆದರೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಸಿಗುತ್ತದೆ, ಹತ್ತು ವರ್ಷ ನಡೆಯುತ್ತದೆ. ನಮೋ ಡ್ರೋನ್ ದೀದಿ ಯೋಜನೆಯ ಹೆಣ್ಣುಮಕ್ಕಳಿಗಾದರೆ ಒಟ್ಟು 15 ದಿನದ ತರಬೇತಿ, ಅದರಲ್ಲಿ ಹಾರಾಟದ ಪಾಠ 5 ದಿನ. ಐದು ದಿನದಲ್ಲಿ ಕೈ ಕೂರುವುದಿಲ್ಲ. ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದ ಮೇಲೆ, ಪಕ್ಕದವನ ಶುಂಠಿ ಪಟ್ಟಿಗೆ ಔಷಧಿ ಬೀಳದ ಹಾಗೆ ಹೊಡೆಯುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ನನ್ನ ಕೆಲಸ ಅಲ್ಲಿಂದ ಶುರು.

ಹಗಲು ಹಾರಿಸುತ್ತಾರೆ. ಸಂಜೆ ಯಾರ ಮನೆಯ ಜಗಲಿಯಲ್ಲಾದರೂ ಕೂತು, ಡ್ರೋನ್ ಬರೆದಿಟ್ಟ ಲಾಗ್ ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿ, ಹಾರಿದ ದಾರಿಯನ್ನು ಉಪಗ್ರಹ ಚಿತ್ರದ ಮೇಲೆ ಗೆರೆಯಾಗಿ ಮೂಡಿಸಿ ನೋಡುತ್ತೇವೆ. ಮಿಷನ್ ಪ್ಲಾನರ್, ಗೂಗಲ್ ಅರ್ಥ್, ಕ್ಯೂಜಿಐಎಸ್ ಎಲ್ಲವೂ ಪುಕ್ಕಟೆ ಸಿಗುವ ತಂತ್ರಾಂಶಗಳೇ. ಅವುಗಳನ್ನು ಒತ್ತಲು ಕಲಿಯುವುದಕ್ಕೆ ಎರಡು ದಿನ ಸಾಕು. ಆ ಗೆರೆಯನ್ನು ಓದಲು ಕಲಿಯುವುದಕ್ಕೆ ನನಗೆ ಕೆಲವು ಹಂಗಾಮು ಹಿಡಿಯಿತು, ಒಂದೆರಡು ಕಡೆ ಮಾನವೂ ಹೋಯಿತು.

1. ಗೆರೆ ತೀರಾ ನೆಟ್ಟಗಿದ್ದರೆ ಮೊದಲು ಅನುಮಾನ ಪಡಿ.

ಆನವಟ್ಟಿ ಕಡೆಯ ಹುಡುಗನೊಬ್ಬನ ಮೊದಲ ದಿನದ ಗೆರೆಗಳು ಕೂರಿಗೆ ಸಾಲಿನ ಹಾಗಿದ್ದವು. ಸಮಾನ ಅಂತರ, ಒಂದೇ ಎತ್ತರ, ತುದಿಯಲ್ಲಿ ಚೊಕ್ಕ ತಿರುವು. ಎಲ್ಲರ ಮುಂದೆ ಹೊಗಳಿದೆ. ಮರುದಿನ ಮಧ್ಯಾಹ್ನ ಗಾಳಿ ಎದ್ದಾಗ ಕೈಯಲ್ಲಿ ಹಾರಿಸು ಎಂದರೆ, ಡ್ರೋನ್ ಸುಣ್ಣದ ಗೆರೆ ದಾಟಿ, ಬದು ದಾಟಿ, ಕಾಲುವೆ ತನಕ ತೇಲಿತು. ಹಿಂದಿನ ದಿನದ ಲಾಗ್ ಮತ್ತೆ ತೆಗೆದು ನೋಡಿದೆ. ಇಡೀ ಹಾರಾಟ ಆಟೊ ಮೋಡಿನಲ್ಲಿ ನಡೆದಿತ್ತು. ನಾನು ನಂಬರ್ ಕೊಟ್ಟಿದ್ದು ಯಂತ್ರಕ್ಕೆ.

ಯಾವ ಕ್ಷಣದಲ್ಲಿ ಯಾವ ಮೋಡ್ ಇತ್ತು ಎಂಬುದನ್ನು ಲಾಗ್ ಬರೆದಿಟ್ಟಿರುತ್ತದೆ. ಈಗ ನಾನು ಗೆರೆಗೆ ಮೊದಲು ಆಯಾ ಮೋಡಿನ ಬಣ್ಣ ಬಳಿಯುತ್ತೇನೆ. ಆಟೊ ಬೂದು, ಜಿಪಿಎಸ್ ಹಿಡಿತದಲ್ಲಿ ಕೈಯಿಂದ ಹಾರಿಸಿದ್ದು ನೀಲಿ, ಜಿಪಿಎಸ್ ಸಹಾಯವೂ ಇಲ್ಲದ್ದು ಕೆಂಪು. ಬೂದು ಗೆರೆಗೆ ನಂಬರ್ ಇಲ್ಲ. ಕೆಂಪು ಗೆರೆ ಸೊಟ್ಟಗೇ ಇರುತ್ತದೆ, ಆದರೆ ಆ ಸೊಟ್ಟಕ್ಕೂ ಒಂದು ಹದವಿದೆ. ಗಾಳಿ ತಳ್ಳಿತು, ಹುಡುಗ ತಡವಾಗಿ ಎಚ್ಚೆತ್ತ, ಜಾಸ್ತಿ ಎಳೆದ, ಆ ಕಡೆಗೆ ಹೋಯಿತು, ಮತ್ತೆ ಎಳೆದ. ಈ ಓಲಾಟ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆಯೇ ಎಂದಷ್ಟೇ ನೋಡುತ್ತೇನೆ. ಜಿಪಿಎಸ್ ಕೈಕೊಟ್ಟ ದಿನ ಇವರ ಡ್ರೋನನ್ನೂ ಕೆಳಗೆ ಓಡಾಡುವವರನ್ನೂ ಕಾಯುವುದು ಆ ಕೆಂಪು ಗೆರೆಯ ಅಭ್ಯಾಸವೇ.

2. ದಾರಿಗಿಂತ ವೇಗದ ಬಣ್ಣ ನೋಡಿ.

ಈ ಪಾಠಕ್ಕೆ ಸ್ವಲ್ಪ ಲೆಕ್ಕ ಬೇಕು. ನಮ್ಮ ಡ್ರೋನ್ 4 ಮೀಟರ್ ಅಗಲದ ಪಟ್ಟಿಗೆ ಸಿಂಪಡಿಸುತ್ತಾ ಸೆಕೆಂಡಿಗೆ 4 ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 16 ಚದರ ಮೀಟರ್. ಎಕರೆಗೆ 4,047 ಚದರ ಮೀಟರ್, ಹಾಗಾಗಿ ತಿರುವುಗಳನ್ನು ಬಿಟ್ಟರೆ 253 ಸೆಕೆಂಡು, ನಾಲ್ಕು ನಿಮಿಷ ಚಿಲ್ಲರೆ. ಎಕರೆಗೆ 10 ಲೀಟರ್ ಬೀಳಬೇಕಾದರೆ ಪಂಪು ನಿಮಿಷಕ್ಕೆ ಸುಮಾರು 2.4 ಲೀಟರ್ ಬಿಡಬೇಕು.

ಹೊಸಬರು ಬದುವಿನ ಹತ್ತಿರ ಬರುತ್ತಿದ್ದಂತೆ ಹೆದರಿ ನಿಧಾನ ಮಾಡುತ್ತಾರೆ. ಅದು ಸಹಜ, ಆಚೆ ಕರೆಂಟ್ ಕಂಬ ಇರಬಹುದು. ವೇಗ 4ರಿಂದ 1 ಮೀಟರಿಗೆ ಇಳಿಯುತ್ತದೆ, ಪಂಪು ಮಾತ್ರ ಅಷ್ಟೇ ಬಿಡುತ್ತಿರುತ್ತದೆ. ಕೊನೆಯ ಎಂಟು ಮೀಟರಿಗೆ ಎರಡು ಸೆಕೆಂಡಿನ ಬದಲು ಎಂಟು ಸೆಕೆಂಡು ಔಷಧಿ ಬಿತ್ತು, ನಾಲ್ಕು ಪಟ್ಟು. ವೇಗಕ್ಕೆ ತಕ್ಕಂತೆ ಪಂಪನ್ನು ಏರಿಸಿ ಇಳಿಸುವ ವ್ಯವಸ್ಥೆ ಕೆಲವು ಡ್ರೋನುಗಳಲ್ಲಿದೆ. ಇಲ್ಲದ ಕಡೆ, ಅಥವಾ ಇದ್ದೂ ಯಾರೋ ಆಫ್ ಮಾಡಿಟ್ಟ ಕಡೆ, ಗೆರೆಯ ಆಕಾರ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ. ಅದೇ ಗೆರೆಗೆ ವೇಗದ ಬಣ್ಣ ಹಾಕಿ, ನಿಧಾನವಾದ ಕಡೆ ಕೆಂಪು. ಬದುವಿನುದ್ದಕ್ಕೂ ಕೆಂಪು ಕುಚ್ಚು ಕಟ್ಟಿದ ಹಾಗೆ ಎದ್ದು ನಿಲ್ಲುತ್ತದೆ.

ಶಿಕಾರಿಪುರದ ಬಯಲು ಸೀಮೆ ಕಡೆಯ ರೈತರೊಬ್ಬರು ಈ ಕೆಂಪನ್ನು ನಕ್ಷೆ ಇಲ್ಲದೆಯೇ ಕಂಡಿದ್ದರು. "ಸರ್, ನಿಮ್ಮ ಹುಡುಗ್ರು ಹೊಡೆದ್ ಮೇಲೆ ಮೆಕ್ಕೆಜೋಳದ ಅಂಚು ಅಷ್ಟೇ ಸುಟ್ಟಂಗೆ ಆಗೈತ್ರೀ, ನಡುವೆ ಚಲೋ ಐತಿ" ಎಂದರು. ಲಾಗ್ ತೆಗೆದು ಅವರೆದುರೇ ಬಣ್ಣ ಹಾಕಿದೆ. ಅವರು ಬೆರಳಿಟ್ಟು ತೋರಿಸಿದ್ದಕ್ಕೂ ಪರದೆಯ ಕೆಂಪಿಗೂ ವ್ಯತ್ಯಾಸವಿರಲಿಲ್ಲ. ಅಂದಿನಿಂದ ಅಭ್ಯಾಸಕ್ಕೆ ಬರೀ ನೀರು ಸಾಕು ಎಂಬ ನಿಯಮ ಇಟ್ಟಿದ್ದೇನೆ. ಬದು ಬರುವ ಮೊದಲೇ ಪಂಪು ನಿಲ್ಲಿಸಿ, ತಿರುಗಿ, ವೇಗ ಹಿಡಿದ ಮೇಲೆ ಮತ್ತೆ ಬಿಡುವುದು ಬೆರಳಿಗೆ ಬರುವ ತನಕ ಟ್ಯಾಂಕಿಗೆ ಔಷಧಿ ಹಾಕುವಂತಿಲ್ಲ.

3. ಎತ್ತರ ಅಂದರೆ ಯಾವ ನೆಲದಿಂದ?

ಸೊರಬದಲ್ಲಿ ನಾನು ಕಲಿತ ದುಬಾರಿ ಪಾಠ ಇದು. ಇಲ್ಲಿನ ಅಡಿಕೆ ತೋಟ ಕಣಿವೆಯ ತಳದಲ್ಲಿ, ಮೇಲೆ ಬ್ಯಾಣ, ಎದುರು ದಡದಲ್ಲಿ ಸೊಪ್ಪಿನಬೆಟ್ಟ. ನಾವು ಬ್ಯಾಣದ ಮೇಲಿಂದ ಡ್ರೋನ್ ಎಬ್ಬಿಸಿದೆವು. ಪರದೆಯಲ್ಲಿ ಎತ್ತರ 10 ಮೀಟರ್. ಆ ಹತ್ತು, ಎದ್ದ ಜಾಗದಿಂದ ಲೆಕ್ಕ. ತೋಟದ ತಳ ಅಲ್ಲಿಂದ 14 ಮೀಟರ್ ಕೆಳಗೆ, ಹಾಗಾಗಿ ಡ್ರೋನ್ ನಿಜವಾಗಿ ತೋಟದ ನೆಲದಿಂದ 24 ಮೀಟರ್ ಮೇಲೆ. ಅಡಿಕೆ ಮರ 15 ಮೀಟರ್ ಎಂದರೂ ಮರದ ತಲೆಯಾದ ಚಂಡೆಯಿಂದ ಒಂಬತ್ತು ಮೀಟರ್ ಮೇಲಿಂದ ನೀರು ಬೀಳುತ್ತಿತ್ತು, ಬೀಳುವುದಕ್ಕಿಂತ ಹೆಚ್ಚಾಗಿ ಗಾಳಿಯಲ್ಲಿ ಹೋಗುತ್ತಿತ್ತು. ಕಲಿಯುವವನಿಗೆ ಅದು ತಿಳಿಯಲಿಲ್ಲ, ಮುಂದಕ್ಕೆ ಬಿಟ್ಟ. ಎದುರು ದಡದ ನೆಲ ನಾವು ನಿಂತ ಮಟ್ಟಕ್ಕೇ ಏರಿತ್ತು, ಅಲ್ಲೊಂದು ಹಳೇ ಮತ್ತಿ ಮರ. ಪರದೆಯಲ್ಲಿ ಆಗಲೂ 10 ಮೀಟರೇ ಇತ್ತು. ರೆಕ್ಕೆ ಎರಡು, ಮೋಟಾರು ಒಂದು ಹೋಯಿತು. ಹುಡುಗ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ ಎಂದು ಅವನ ತಾಯಿ ಫೋನ್ ಮಾಡಿದ್ದರು.

ಸಂಜೆ ಗೂಗಲ್ ಅರ್ಥ್‌ನಲ್ಲಿ ಎತ್ತರದ ನಕ್ಷೆ ತೆಗೆದರೆ ಕಣಿವೆ ಬರೀ ಐದಾರು ಮೀಟರ್ ಆಳ ಎಂದಿತು. ಇದಕ್ಕೆ ಕಾರಣವಿದೆ. ಪುಕ್ಕಟೆ ಸಿಗುವ ಎತ್ತರದ ಮಾಹಿತಿಯಲ್ಲಿ ಬಹಳಷ್ಟು 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರ್‌ನಿಂದ ಅಳೆದದ್ದು. ಅದರ ಒಂದು ಚೌಕ 30 ಮೀಟರ್. ಅರವತ್ತು ಮೀಟರ್ ಅಗಲದ ನಮ್ಮ ತೋಟ ಅದಕ್ಕೆ ಎರಡು ಚೌಕ. ಮೇಲಾಗಿ ದಟ್ಟ ಮರವಿದ್ದ ಕಡೆ ರೇಡಾರ್ ಅಲೆ ನೆಲ ಮುಟ್ಟದೆ ಎಲೆಯ ನಡುವೆಯೇ ಹಿಂತಿರುಗಿರುತ್ತದೆ. ಕಾನು, ತೋಟ, ಬೆಟ್ಟ ಹೆಣೆದುಕೊಂಡಿರುವ ಸೊರಬದಲ್ಲಿ ಆ ನಕ್ಷೆ ನಂಬಿ ಎತ್ತರ ನಿಗದಿ ಮಾಡುವುದು ಕಣ್ಣುಮುಚ್ಚಿ ಸಾರ ದಾಟಿದಂತೆ.

ಈಗ ತೋಟಕ್ಕೆ ಹೋದರೆ ಮೊದಲು ದೋಟಿ ಕೇಳುತ್ತೇನೆ. ಕೊನೆ ಇಳಿಸುವ ದೋಟಿಗೆ ಮೀಟರಿಗೊಂದು ಗುರುತು ಹಾಕಿ ಮರದ ಎತ್ತರ ಅಳೆಯುತ್ತೇವೆ. ಆಮೇಲೆ ತೋಟದ ತಳದಲ್ಲೇ ಒಂದು ಜಾಗ ಖಾಲಿ ಮಾಡಿಕೊಂಡು ಅಲ್ಲಿಂದಲೇ ಎಬ್ಬಿಸುತ್ತೇವೆ. ಸಂಜೆ ಮೌಲ್ಯಮಾಪನದಲ್ಲಿ ಗೆರೆಯನ್ನು ಮೇಲಿಂದ ನೋಡುವುದಕ್ಕೆ ಮುಂಚೆ ಪಕ್ಕದಿಂದ ನೋಡುತ್ತೇವೆ.

4. ಬೈಯುವ ಮೊದಲು ಚುಕ್ಕಿ ಎಣಿಸಿ.

ಒಬ್ಬ ಹುಡುಗನಿಗೆ "ಮೂಲೆ ಕತ್ತರಿಸ್ತಿದೀಯ, ಸುಣ್ಣದ ಮೂಲೆ ಮುಟ್ತಾನೇ ಇಲ್ಲ" ಎಂದು ಎರಡು ಸಂಜೆ ರೇಗಿದೆ. ಅವನು ಮೂರನೇ ಬೆಳಿಗ್ಗೆ ಟ್ಯಾಂಕಿಗೆ ಬಣ್ಣದ ನೀರು ತುಂಬಿಕೊಂಡು ಹಾರಿಸಿ, ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ನಾಲ್ಕೂ ಮೂಲೆಯಲ್ಲಿ ಬಣ್ಣ ಬಿದ್ದಿತ್ತು. ನಾನು ನೋಡುತ್ತಿದ್ದುದು ನೆಲದ ಮೇಲಿನ ಟ್ಯಾಬ್ ಹಿಡಿದಿಟ್ಟ ದಾಖಲೆ, ಅದು ಸೆಕೆಂಡಿಗೆ ಒಂದೇ ಚುಕ್ಕಿ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಚುಕ್ಕಿಗಳ ನಡುವೆ 4 ಮೀಟರ್. ಎರಡು ಚುಕ್ಕಿಯ ನಡುವಿನ ಮೂಲೆಯನ್ನು ತಂತ್ರಾಂಶವೇ ನೇರ ಗೆರೆ ಎಳೆದು ಕತ್ತರಿಸಿತ್ತು. ಡ್ರೋನಿನ ಒಳಗಿನ ಕಾರ್ಡ್ ಸೆಕೆಂಡಿಗೆ ಐದು ಚುಕ್ಕಿ ಬರೆಯುತ್ತದೆ, 80 ಸೆಂಟಿಮೀಟರಿಗೊಂದು. ಅದನ್ನು ಇಳಿಸಿ ನೋಡಿದರೆ ಮೂಲೆಗಳು ಇದ್ದಲ್ಲೇ ಇದ್ದವು. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ತಪ್ಪಾಯ್ತು ಅಂದೆ.

ಇನ್ನೊಂದು ಮಾತು ಇದಕ್ಕೇ ಸೇರಿದ್ದು. ಆರ್‌ಟಿಕೆ ಎಂಬ ತಿದ್ದುವ ವ್ಯವಸ್ಥೆ ಇಲ್ಲದ ಸಾದಾ ಜಿಪಿಎಸ್ ಬಯಲಲ್ಲೇ ಎರಡು ಮೂರು ಮೀಟರ್ ಆಚೀಚೆ ತೋರಿಸುತ್ತದೆ. ತೋಟದಂಚಿನಲ್ಲಿ, ಮರಕ್ಕೆ ಬಡಿದು ಬಂದ ಸಂಕೇತದಿಂದ ಇನ್ನೂ ಹೆಚ್ಚು. ಗೆರೆ ಒಂದು ಮೀಟರ್ ಬದುವಿನಾಚೆ ಕಂಡಿತೆಂದು ನಾನು ಈಗ ಯಾರ ನಂಬರನ್ನೂ ಕಳೆಯುವುದಿಲ್ಲ.

5. ಹಾರುವ ಮೊದಲು ನಡೆಯಿರಿ.

ಹೊಲದ ಗಡಿ ನೋಡಲು ಈಗ ಎಲ್ಲರ ಫೋನಿನಲ್ಲೂ ದಿಶಾಂಕ್ ಆ್ಯಪ್ ಇದೆ. ಸರ್ವೆ ನಂಬರ್ ತಿಳಿಯಲು ಅದು ಒಳ್ಳೆಯದು. ಹಾರುವ ಗಡಿ ಹಾಕಲು ಅಲ್ಲ, ಏಕೆಂದರೆ ಸರ್ವೆ ಗೆರೆ ಒಂದು ಕಡೆ, ಬದು ಇನ್ನೊಂದು ಕಡೆ ಇರುವುದು ನಮ್ಮೂರಲ್ಲಿ ಹೊಸ ಸುದ್ದಿಯೇನಲ್ಲ. (ಡ್ರೋನ್ ಅಭ್ಯಾಸಕ್ಕೆ ಹೋಗಿ ಅಣ್ಣತಮ್ಮಂದಿರ ಗಡಿ ವ್ಯಾಜ್ಯಕ್ಕೆ ನ್ಯಾಯ ಹೇಳಲು ಕೂತ ಅನುಭವ ನನಗಿದೆ. ಬೇಡ.) ಉಪಗ್ರಹ ಚಿತ್ರವೂ ಹಳೆಯದಿರುತ್ತದೆ. ಶಿಕಾರಿಪುರ ತಾಲ್ಲೂಕಿನಲ್ಲಿ ನೀರು ಬಂದ ಕಡೆಯೆಲ್ಲ ಮೆಕ್ಕೆಜೋಳ ಹೋಗಿ ಅಡಿಕೆ ಬರುತ್ತಿದೆ. ಚಿತ್ರದಲ್ಲಿ ಖಾಲಿ ಹೊಲ, ಹೋಗಿ ನೋಡಿದರೆ ಮೂರು ವರ್ಷದ ಅಡಿಕೆ ಸಸಿ, ನಡುವೆ ಬೋರ್‌ವೆಲ್ಲಿಗೆ ಎಳೆದ ಹೊಸ ಕರೆಂಟ್ ಲೈನು. ತಂತಿಯಂತೂ ಯಾವ ಚಿತ್ರದಲ್ಲೂ ಕಾಣುವುದಿಲ್ಲ.

ಅದಕ್ಕೇ ಪ್ರತಿಯೊಬ್ಬರೂ ಮೊದಲು ಫೋನ್ ಹಿಡಿದು ಹೊಲದ ಸುತ್ತ ಒಂದು ಸುತ್ತು ನಡೆದು, ಆ ದಾರಿಯನ್ನು ದಾಖಲಿಸಬೇಕು. ಕಂಬ, ಟಿಸಿ, ಜೇನು ಕಟ್ಟಿದ ಮರ ಎಲ್ಲಕ್ಕೂ ಗುರುತು. ಸಂಜೆ ನಡೆದ ಗೆರೆಯ ಮೇಲೆ ಹಾರಿದ ಗೆರೆ. ನಡೆಯದವನ ಹಾರಾಟವನ್ನು ನಾನು ನೋಡುವುದೇ ಇಲ್ಲ.

6. ಗಡಿಯಾರ ತಿದ್ದಿಕೊಳ್ಳಿ.

ಲಾಗ್‌ನಲ್ಲಿ ಇರುವುದು ಅಂತರರಾಷ್ಟ್ರೀಯ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 7:10ಕ್ಕೆ ಹಾರಿದ್ದು ಅಲ್ಲಿ 1:40. "ರಾತ್ರಿ ಒಂದೂ ಮುಕ್ಕಾಲಿಗೆ ಯಾರಪ್ಪ ಹಾರ್ಸಿದ್ದು?" ಎಂದು ನಾನೇ ಗಾಬರಿ ಬಿದ್ದಿದ್ದೆ.

7. ಎಲ್ಲರ ಗೆರೆಯನ್ನೂ ಒಂದರ ಮೇಲೊಂದು ಹಾಕಿ.

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ, ಕಲಿಸಿದ್ದು ಒಬ್ಬ ಡ್ರೋನ್ ದೀದಿ. ಎಂಟರ ಆಕಾರ ಹಾರಿಸುವ ಅಭ್ಯಾಸ ನಡೆದಿತ್ತು. ಎರಡು ಕಂಬ ನೆಟ್ಟು ಅದರ ಸುತ್ತ ಎಂಟು ಬರೆಯಬೇಕು. ಆಕೆಯ ಎಂಟು ಒಂದು ಕಡೆ ಊದಿಕೊಂಡಿತ್ತು. ನಾನು ಬಾಯಿ ತೆಗೆಯುವ ಮೊದಲೇ ಆಕೆ, "ಸರ್, ನಂದು ಮಾತ್ರ ನೋಡ್ಬೇಡಿ. ಅವ್ರದ್ದೂ ತೆಗೀರಿ. ರಂಗೋಲಿ ಎಲ್ರದ್ದೂ ಒಂದೇ ಕಡೆ ಸೊಟ್ಟಾದ್ರೆ ಅಂಗಳ ಸೊಟ್ಟ ಇರುತ್ತೆ" ಎಂದರು.

ತೆಗೆದೆ. ಎಂಟು ಜನರ ಗೆರೆ, ಎಂಟು ಬಣ್ಣ. ಏಳು ಗೆರೆಗಳು ಪೂರ್ವದ ಕಂಬದ ಹತ್ತಿರ ಒಂದೇ ರೀತಿ ಹೊರಕ್ಕೆ ಉಬ್ಬಿದ್ದವು. ಬೆಳಿಗ್ಗೆ ಎಂಟರ ಹೊತ್ತು, ಅವರನ್ನು ನಾನು ಪಶ್ಚಿಮಕ್ಕೆ ನಿಲ್ಲಿಸಿದ್ದೆ. ಡ್ರೋನ್ ಆ ಕಂಬದಾಚೆ ಹೋಗುತ್ತಿದ್ದಂತೆ ಸೂರ್ಯ ನೇರ ಕಣ್ಣಿಗೆ. ಕಾಣದೆ ಇದ್ದಾಗ ಕಂಬಕ್ಕೆ ತಾಗದಿರಲಿ ಎಂದು ಎಲ್ಲರೂ ದೂರ ತಳ್ಳಿದ್ದರು. ತಪ್ಪು ನನ್ನದು, ಕಳೆಯುತ್ತಿದ್ದುದು ಅವರ ನಂಬರು. ಉಬ್ಬದೇ ಇದ್ದ ಎಂಟನೆಯವನನ್ನು ಕೇಳಿದರೆ, ಟೋಪಿ ಹಾಕಿಕೊಂಡಿದ್ದೆ ಎಂದ.

ಅಲ್ಲಿಂದ ಮುಂದೆ ಒಬ್ಬರ ಗೆರೆಯನ್ನು ಒಂಟಿಯಾಗಿ ನೋಡಿ ತೀರ್ಮಾನ ಹೇಳುವುದನ್ನು ಬಿಟ್ಟೆ. ಎಲ್ಲರೂ ಒಂದೇ ಜಾಗದಲ್ಲಿ ತಪ್ಪಿದರೆ ಮೊದಲು ಜಾಗ ನೋಡುತ್ತೇನೆ, ಆಮೇಲೆ ಗಾಳಿ, ಆಮೇಲೆ ನನ್ನನ್ನು. ಒಬ್ಬರೇ ತಪ್ಪಿದ್ದರೆ ಅದು ಅವರೊಂದಿಗೆ ಪಕ್ಕಕ್ಕೆ ಕೂತು ಮಾತಾಡುವ ವಿಷಯ. ಆಗಲೂ ಮೊದಲ ಮಾತು ಅವರದು. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ ಸುಮ್ಮನೆ ಕೂರುತ್ತೇನೆ. "ಇಲ್ಲಿ ಮಗಳ ಫೋನ್ ಬಂತು", "ಇಲ್ಲಿ ಹದ್ದು ಬಂದಂಗಾಯ್ತು", "ಇಲ್ಲಿ ನೀವು ಜೋರಾಗಿ ಕೂಗಿದ್ರಿ". ಕೊನೆಯದನ್ನು ನಾನು ನಿರೀಕ್ಷಿಸಿರಲಿಲ್ಲ. ಸಮಯ ಹೋಲಿಸಿ ನೋಡಿದರೆ ನಿಜ, ಗೆರೆ ನಡುಗಿದ್ದು ನನ್ನ ದನಿಗೆ.

8. ನಕ್ಷೆಗೆ ಬಾರದ್ದಕ್ಕೆ ಒಂದು ನೋಟ್‌ಬುಕ್.

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಂಥ ಕಡೆ ವಿಮಾನ ಕಲಿಯುವವರು ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಅದರಲ್ಲಿ 300 ನಾಟಿಕಲ್ ಮೈಲಿ, ಅಂದರೆ ಸುಮಾರು 556 ಕಿಲೋಮೀಟರಿನ ಒಂದು ಯಾನ, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಏಳಬೇಕು. ಒಂಟಿಯಾಗಿ ಹೋದವರು ಎಲ್ಲಿ ದಾರಿ ತಪ್ಪಿದರು, ಎಲ್ಲಿ ಎತ್ತರ ಬಿಟ್ಟರು ಎಂಬುದನ್ನು ಹೊಸ ವಿಮಾನಗಳ ಮೆಮೊರಿ ಕಾರ್ಡು ಸೆಕೆಂಡ್ ಸೆಕೆಂಡಿಗೂ ಬರೆದಿಡುತ್ತದೆ. ಹಾಗಿದ್ದರೂ ಅಲ್ಲಿ ಬಹಳ ಗಂಟೆಗಳ ಕಾಲ ಗುರು ಪಕ್ಕದಲ್ಲೇ ಕೂತು ಶಿಷ್ಯನ ಕಣ್ಣು ಎಲ್ಲಿದೆ ಎಂದು ನೋಡಿರುತ್ತಾನೆ.

ನಾನೂ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತೇನೆ. ಏಳಿಸುವ ಮೊದಲು ರೆಕ್ಕೆ ಮುಟ್ಟಿ ನೋಡಿದರೋ, ಔಷಧಿ ಕಲಸುವಾಗ ಕೈಗವಸು ಇತ್ತೋ, ಕುತೂಹಲಕ್ಕೆ ಓಡಿಬಂದ ಮಕ್ಕಳನ್ನು ಕಂಡಾಗ ಹಾರಾಟ ನಿಲ್ಲಿಸಿದರೋ ಇಲ್ಲವೋ. ಒಮ್ಮೆ ಒಬ್ಬಾಕೆಯ ಗೆರೆ ನಡುವೆ ತುಂಡಾಗಿ, ಗದ್ದೆ ಮಧ್ಯೆ ಇಳಿದಿತ್ತು. ನಕ್ಷೆ ನೋಡಿದವರು ಫೇಲ್ ಎನ್ನಬೇಕು. ನೋಟ್‌ಬುಕ್ಕಿನಲ್ಲಿ "ದನ ಕಾಯುವ ಅಜ್ಜ ಬದು ದಾಟಿದರು, ಕೂಡಲೇ ಇಳಿಸಿದಳು" ಎಂದಿತ್ತು. ಆ ದಿನದ ಅತ್ಯುತ್ತಮ ಹಾರಾಟ ಅದೇ.

9. ಕೆಲವು ಜಾಗದಲ್ಲಿ ಗೆರೆಯೇ ಬೇಡ.

ಡ್ರೋನ್ ಎಲ್ಲಿ ಹಾರಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರಿನಲ್ಲಿ 400 ಅಡಿವರೆಗೆ ಹಾರಬಹುದು, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ 200 ಅಡಿ. ಶಿಕಾರಿಪುರದಲ್ಲಿ ಇದ್ದುಕೊಂಡು ಇದು ನಮಗೆ ಯಾಕೆ ಎನ್ನುವವರಿದ್ದಾರೆ. 2023ರ ಫೆಬ್ರವರಿ 27ರಿಂದ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಿದೆ. ಇವರೇ ನಾಳೆ ಶಿವಮೊಗ್ಗದ ಕಡೆ ನೆಂಟರ ತೋಟಕ್ಕೆ ಔಷಧಿ ಹೊಡೆಯಲು ಹೋಗುವವರು. ಗುಡವಿಯ ಪಕ್ಷಿಧಾಮದ ಸುತ್ತ, ಮಳೆಗಾಲದಲ್ಲಿ ಹಕ್ಕಿ ಗೂಡು ಕಟ್ಟಿರುವಾಗ, ನಾನು ಯಾರಿಗೂ ಅಭ್ಯಾಸ ಮಾಡಿಸುವುದಿಲ್ಲ. ತಾಳಗುಂದ, ಬಳ್ಳಿಗಾವಿ ಗುಡಿಗಳ ಮೇಲೆ "ಒಂದ್ ವಿಡಿಯೋ ಅಷ್ಟೇ ಸರ್" ಎಂದವರಿಗೂ ಇಲ್ಲವೆಂದಿದ್ದೇನೆ.

10. ಕೊನೆಗೌಡರನ್ನು ಕರೆಯಿರಿ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಪ್ರಚಾರಕ್ಕೆ ತಂದು ನೂರು ವರ್ಷಕ್ಕೂ ಮೇಲಾಯಿತು. ಅಂದಿನಿಂದ ಮರ ಹತ್ತಿ ಹೊಡೆಯುವವರು ಕೊನೆಗೌಡರೇ. ಈಗ ಹತ್ತುವವರು ಸಿಗುತ್ತಿಲ್ಲವೆಂದೇ ಡ್ರೋನಿನ ಮಾತು. ಚಂದ್ರಗುತ್ತಿ ಹೋಬಳಿಯ ಒಂದು ತೋಟದಲ್ಲಿ ನಾವು ಅಭ್ಯಾಸ ಮಾಡಿದ ಸಂಜೆ, ನಕ್ಷೆ ಬಹಳ ಚೆನ್ನಾಗಿ ಬಂದಿತ್ತು. ಎತ್ತರ ಸರಿ, ವೇಗ ಸರಿ, ಸಾಲಿನ ಅಂತರ ಸರಿ. ಜಗಲಿಯ ತುದಿಯಲ್ಲಿ ಕವಳ ಹಾಕುತ್ತಾ ಕೂತಿದ್ದ ಕೊನೆಗೌಡರು ಬಂದು ಬಗ್ಗಿ ನೋಡಿ, "ಇದ್ರಲ್ಲಿ ಕೊನೆ ಎಲ್ಲೈತಿ?" ಎಂದು ಕೇಳಿದರು.

ಯಾರಿಗೂ ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಕೆಲವು ಮರ ಹತ್ತಿ ಚಂಡೆಯ ಮೇಲೊಂದು, ಸೋಗೆಯ ಕೆಳಗೆ ಅಡಿಕೆ ಕೊನೆಗೊಂದು ಬಿಳಿ ಕಾಗದದ ಚೂರು ಕಟ್ಟಿದರು. ಹುಡುಗರು ಬಣ್ಣದ ನೀರು ತುಂಬಿ ಹಿಂದಿನ ದಿನದ ಗೆರೆಯನ್ನೇ ಮತ್ತೆ ಹಾರಿಸಿದರು. ಅವರು ಮತ್ತೆ ಹತ್ತಿ ಚೂರುಗಳನ್ನು ಬಿಚ್ಚಿ ತಂದು, ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಎರಡು ಸಾಲಾಗಿ ಜೋಡಿಸಿದರು. ಮೇಲಿನ ಸಾಲು ಪೂರ್ತಿ ಕೆಂಪು. ಕೊನೆಗೆ ಕಟ್ಟಿದ್ದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹನಿ, ಎರಡು ಚೂರು ಒಗೆದಿಟ್ಟ ಬಟ್ಟೆಯಷ್ಟು ಬಿಳಿ. ಈಗ ನನ್ನ ಪ್ರತಿ ತೋಟದ ಫೋಲ್ಡರಿನಲ್ಲಿ ಲಾಗ್ ಫೈಲಿನ ಪಕ್ಕ ಆ ದಿನದ ಕಾಗದದ ಚೂರುಗಳ ಫೋಟೋ ಇರುತ್ತದೆ, ಹೆಸರಿನ ಮುಂದೆ ಮರದ ನಂಬರು, ಹತ್ತಿದವರ ಕೂಲಿ ಲೆಕ್ಕ.